ಅಕಾಲಜಾತ ಶಿಶುಗಳ ಶಸ್ತ್ರಕರ್ಮವೂ ರಕ್ತಶರ್ಕರೆಯ ಸಾಕ್ಷ್ಯವೂ

ಭಾಷೆ ಸಾಹಿತ್ಯ ಚರಿತ್ರೆಗಳ ಪರಿಶೋಧನೆಗೆ ಮೀಸಲಾದ ಈ ಪತ್ರಿಕೆಯಲ್ಲಿ ವೈದ್ಯಶಾಸ್ತ್ರದ ವಿಷಯವೊಂದನ್ನು ಎತ್ತಿಕೊಳ್ಳುವುದು ಅನುಚಿತವೆಂದು ಕೆಲವರು ವಾಚಕರಿಗೆ ತೋರಬಹುದು. ಲೇಖಕನು ವೈದ್ಯನೂ ಅಲ್ಲ. ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿಕೊಂಡವನು. ಕೆಲವು ವರ್ಷಗಳ ಹಿಂದೆ ನಮ್ಮ ಬಂಧುವರ್ಗದಲ್ಲಿ ದಿನತುಂಬದೆ ಹುಟ್ಟಿದ ಕೂಸೊಂದಕ್ಕೆ ಎದೆಯ ಶಸ್ತ್ರಕರ್ಮವಾಗಬೇಕಾಗಿ ಬಂದಾಗ ನಾವೆಲ್ಲರೂ ಬಾಗಿಲ ಹೊರಗೆ ಕುಳಿತಿದ್ದೆವು. ನಡುವೆ ಹೊರಬಂದ ದಾದಿಯು, 'ರಕ್ತದಲ್ಲಿ ಸಕ್ಕರೆ ಏರಿದೆ, ನೋಡಿಕೊಳ್ಳುತ್ತಿದ್ದಾರೆ' ಎಂದು ಹೇಳಿ ಹೋದಳು. ಮಗುವಿನ ಮುತ್ತಜ್ಜಿಯು 'ಹುಟ್ಟಿ ಹತ್ತು ದಿನವಾಗದ ಕೂಸಿಗೂ ಸಕ್ಕರೆ ಕಾಯಿಲೆಯೇ?' ಎಂದು ಕೇಳಿದಳು. ಉತ್ತರ ಹೇಳಬಲ್ಲವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಆ ಪ್ರಶ್ನೆಯ ಬೆನ್ನುಹತ್ತಿ ಓದುತ್ತ ಹೋದಾಗ ನನಗೆ ದೊರೆತದ್ದು ಬರಿಯ ವೈದ್ಯವಿಷಯವಲ್ಲ. ಅದು ಒಂದು ವಾದದ ಚರಿತ್ರೆ. ಮಾತನಾಡಲಾರದ, ಅಳುವುದಕ್ಕೂ ಶಕ್ತಿಯಿಲ್ಲದಂತೆ ಮಾಡಲ್ಪಟ್ಟ ಜೀವಿಯ ದುಃಖವನ್ನು ಅನ್ಯರು ಯಾವ ಪ್ರಮಾಣದಿಂದ ತಿಳಿಯಬೇಕು ಎಂಬುದೇ ಆ ವಾದದ ತಿರುಳು. ಪ್ರಮಾಣವಿಚಾರವು ನಮ್ಮ ಶಾಸ್ತ್ರಗಳಿಗೆ ಸೇರಿದ್ದಾದುದರಿಂದ ಈ ಲೇಖನಕ್ಕೆ ಅಷ್ಟುಮಟ್ಟಿನ ಅಧಿಕಾರವುಂಟೆಂದು ಭಾವಿಸಿದ್ದೇನೆ.

ಮೊದಲು ಶಬ್ದವನ್ನು ಕುರಿತು ಎರಡು ಮಾತು. ಕನ್ನಡದ 'ಸಕ್ಕರೆ'ಯು ಸಂಸ್ಕೃತ 'ಶರ್ಕರಾ' ಶಬ್ದದ ತದ್ಭವ. ಶರ್ಕರೆಯೆಂದರೆ ಮೂಲದಲ್ಲಿ ಹರಳು, ಮರಳು. ಕಬ್ಬಿನ ರಸವನ್ನು ಕಾಯಿಸಿದಾಗ ಹರಳುಗಟ್ಟುವುದರಿಂದ ಆ ಹೆಸರು ಬಂದಿತು. ಇದೇ ಶಬ್ದವು ಪಾರಸಿ ಅರಬ್ಬಿ ಭಾಷೆಗಳ ಮೂಲಕ ಯೂರೋಪಿನ ಭಾಷೆಗಳನ್ನೂ ಸೇರಿತು. ಆದರೆ ರಕ್ತದಲ್ಲಿರುವುದು ಕಬ್ಬಿನ ಸಕ್ಕರೆಯಲ್ಲ, ದ್ರಾಕ್ಷಿಯಲ್ಲಿರತಕ್ಕ ಸಕ್ಕರೆ. ಮೂತ್ರದಲ್ಲಿ ಕಾಣುವ ಸಿಹಿಯು ಇದೇ ಎಂಬುದನ್ನು ಫ್ರೆಂಚ್ ರಸಾಯನಜ್ಞ ಷೆವ್ರೆಲ್ ೧೮೧೫ರಲ್ಲಿ ನಿರ್ಣಯಿಸಿದನು. ಇದಕ್ಕೆ 'ಗ್ಲೂಕೋಸ್' ಎಂಬ ಗ್ರೀಕ್ ಮೂಲದ ಹೆಸರು ನಿಂತದ್ದು ೧೮೩೮ರಿಂದ ಈಚೆಗೆ. ಈ ಲೇಖನದಲ್ಲಿ ರಕ್ತಶರ್ಕರೆಯೆಂದು ಬರುವಲ್ಲೆಲ್ಲ ಇದನ್ನೇ ಗ್ರಹಿಸತಕ್ಕದ್ದು.

ಮಧುಮೇಹದ ವಿಚಾರವು ಚರಕ ಸುಶ್ರುತ ಸಂಹಿತೆಗಳಲ್ಲಿ ವಿಸ್ತಾರವಾಗಿ ಬಂದಿದೆಯೆಂಬುದೂ, ಇರುವೆಗಳು ರೋಗಿಯ ಮೂತ್ರಕ್ಕೆ ಮುತ್ತುವುದು ಲಕ್ಷಣವೆಂದು ಹೇಳಿರುವುದೂ ವಿದ್ವಾಂಸರಿಗೆ ತಿಳಿಯದ ಸಂಗತಿಯಲ್ಲ. ಆದರೆ ಇಷ್ಟನ್ನೇ ಹಿಡಿದುಕೊಂಡು ರಕ್ತಶರ್ಕರೆಯ ಪರೀಕ್ಷೆಯೂ ನಮ್ಮ ಪ್ರಾಚೀನರಿಗೆ ತಿಳಿದಿತ್ತೆಂದು ಸಭೆಗಳಲ್ಲಿ ಸಾರುವವರ ಪಕ್ಷವನ್ನು ನಾನು ಒಪ್ಪಲಾರೆ. ಸಂಹಿತಾಕಾರರು ಮೂತ್ರದ ಮಾಧುರ್ಯವನ್ನು ಕಂಡರು. ರಕ್ತದಲ್ಲಿ ಸಿಹಿ ಇದೆಯೆಂದೂ ಅದನ್ನು ಅಳೆಯಬೇಕೆಂದೂ ಅವರು ಹೇಳಿಲ್ಲ. ಹೇಳದುದನ್ನು ಹೇಳಿಸುವುದು ಗ್ರಂಥಕ್ಕೆ ಮಾಡುವ ಉಪಕಾರವಲ್ಲ.

ಹೀಗಿದ್ದರೂ ಪ್ರಕೃತ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಮೂರು ಸಂಗತಿಗಳು ನಮ್ಮ ಗ್ರಂಥಗಳಲ್ಲಿ ದೊರೆಯುತ್ತವೆ. ಎಂಟನೆಯ ತಿಂಗಳಲ್ಲಿ ಓಜಸ್ಸು ಅಸ್ಥಿರವಾಗಿರುವುದರಿಂದ ಆಗ ಹುಟ್ಟಿದ ಶಿಶುವು ಬದುಕುವುದು ದುರ್ಲಭವೆಂದು ಸುಶ್ರುತನ ಶಾರೀರಸ್ಥಾನದಲ್ಲಿದೆ. ಚರಕಸಂಹಿತೆಯೂ ಓಜಸ್ಸು ತಾಯಿಗೂ ಗರ್ಭಕ್ಕೂ ನಡುವೆ ಆ ತಿಂಗಳಲ್ಲಿ ಸಂಚರಿಸುತ್ತದೆಂದು ಹೇಳುತ್ತದೆ. ಈ ಓಜಸ್ಸನ್ನು ಇಂದಿನ ಯಾವುದಾದರೊಂದು ದ್ರವ್ಯದೊಡನೆ ಸಮೀಕರಿಸಲು ಹೊರಡುವುದು ಸಾಹಸವೇ ಸರಿ. ಎರಡನೆಯದಾಗಿ, ಹೆರಿಗೆಯಾದ ಮೂರು ನಾಲ್ಕು ರಾತ್ರಿಗಳ ಮೇಲೆ ತಾಯಿಯ ಹಾಲು ಹರಿಯುವುದರಿಂದ ಅದಕ್ಕೆ ಮುಂಚೆ ಕೂಸಿಗೆ ಜೇನು ತುಪ್ಪಗಳನ್ನು ನೆಕ್ಕಿಸಬೇಕೆಂಬ ವಿಧಿ ಅಲ್ಲಿಯೇ ಇದೆ. ಆಶ್ವಲಾಯನ ಗೃಹ್ಯಸೂತ್ರದ ಜಾತಕರ್ಮದಲ್ಲಿಯೂ ಜೇನು, ತುಪ್ಪ, ಚಿನ್ನದ ತೇಯ್ದ ಪುಡಿ ಬರುತ್ತವೆ. ಹುಟ್ಟಿದ ಕೂಡಲೆ ಶಿಶುವು ನಿರಾಹಾರವಾಗಿರಬಾರದೆಂಬ ಎಚ್ಚರವು ಇಲ್ಲಿ ಕಾಣುತ್ತದೆ. ಆದರೆ ಜೇನಿನಲ್ಲಿ ಬಾಟ್ಯುಲಿಸಂ ಎಂಬ ಘೋರವಾದ ಪಾರ್ಶ್ವವ್ಯಾಧಿಯ ಬೀಜವಿರಬಹುದಾದ ಕಾರಣ ಒಂದು ವರ್ಷ ತುಂಬುವವರೆಗೆ ಕೂಸಿಗೆ ಅದನ್ನು ಕೊಡಕೂಡದೆಂದು ಇಂದಿನ ವೈದ್ಯರು ಏಕಕಂಠದಿಂದ ಹೇಳುತ್ತಾರೆ. ಮನೆಗಳಲ್ಲಿ ಜಾತಕರ್ಮ ಮಾಡಿಸುವ ಪುರೋಹಿತರು ಇದನ್ನು ಗಮನಿಸುವುದು ಮೇಲು.

ಮೂರನೆಯದೇ ಮುಖ್ಯವಾದುದು. ನೇಪಾಳದಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ ಪಂಡಿತ ಹೇಮರಾಜಶರ್ಮರ ಪರಿಶ್ರಮದ ಫಲವಾಗಿ ೧೯೩೮ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯಲ್ಲಿ ವೇದನಾಧ್ಯಾಯವೆಂಬ ಒಂದು ಅಧ್ಯಾಯವಿದೆ. ಮಾತು ಬಾರದ ಕೂಸುಗಳ ನೋವನ್ನು ವೈದ್ಯನು ಹೇಗೆ ತಿಳಿಯಬೇಕೆಂಬುದೇ ಅಲ್ಲಿಯ ಪ್ರಶ್ನೆ. ಕಿವಿನೋವಿದ್ದ ಕೂಸು ಕೈಗಳಿಂದ ಕಿವಿಯನ್ನು ಮುಟ್ಟಿಕೊಳ್ಳುತ್ತದೆ, ತಲೆನೋವಿದ್ದ ಕೂಸು ತಲೆಯನ್ನು ಹೊರಳಿಸುತ್ತದೆ ಎಂದು ಮುಂತಾಗಿ ಒಂದೊಂದು ವ್ಯಾಧಿಗೂ ಒಂದೊಂದು ಚೇಷ್ಟೆಯನ್ನು ಅಲ್ಲಿ ಹೇಳಲಾಗಿದೆ. ಸುಶ್ರುತನೂ, ಎಲ್ಲಿ ನೋವಿದೆಯೋ ಅಲ್ಲಿಯೇ ಶಿಶುವು ಮತ್ತೆಮತ್ತೆ ಮುಟ್ಟಿಕೊಳ್ಳುವುದೆಂದೂ ಅನ್ಯರು ಮುಟ್ಟಿದರೆ ಅಳುವುದೆಂದೂ ಹೇಳಿದ್ದಾನೆ. ಇವರಿಗೆ ಶಿಶುವಿಗೆ ನೋವುಂಟೆಂಬ ವಿಷಯದಲ್ಲಿ ಸಂಶಯವೇ ಇರಲಿಲ್ಲ. ಎಲ್ಲಿ ಎಂಬುದೊಂದೇ ಜಿಜ್ಞಾಸೆ. ಆದರೆ ಈ ಲಿಂಗಗಳೆಲ್ಲವೂ ಅಂಗಚೇಷ್ಟೆಯನ್ನು ಅವಲಂಬಿಸಿದವು. ಚೇಷ್ಟೆಯನ್ನೇ ಔಷಧದಿಂದ ನಿಲ್ಲಿಸಿಬಿಟ್ಟರೆ ಏನು ಗತಿ? ಈ ಪ್ರಶ್ನೆಯು ಇಪ್ಪತ್ತನೆಯ ಶತಮಾನಕ್ಕೆ ಮುಂಚೆ ಯಾವ ವೈದ್ಯನಿಗೂ ಎದುರಾಗಿರಲಿಲ್ಲ.

ಇನ್ನು ಯೂರೋಪಿನ ಕಡೆಗೆ ತಿರುಗೋಣ. ಇಂಗ್ಲಂಡಿನ ಥಾಮಸ್ ವಿಲ್ಲಿಸನು ೧೬೭೪ರಲ್ಲಿ ಮೇಹರೋಗಿಯ ಮೂತ್ರವು ಸಿಹಿಯೆಂದು ಬರೆದನು. ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನನು ೧೭೭೬ರಲ್ಲಿ ಅಂಥ ರೋಗಿಯ ರಕ್ತದ್ರವವೂ ಸಿಹಿಯಾಗಿರುವುದನ್ನು ಪ್ರಕಟಿಸಿದನು. ರಕ್ತವು ವಿಚಾರಕ್ಕೆ ಬಂದದ್ದು ಅಲ್ಲಿಂದ. ಆದರೆ ಆರೋಗ್ಯವಂತನ ರಕ್ತದಲ್ಲಿಯೂ ಸದಾ ಸಕ್ಕರೆಯುಂಟು, ಅದನ್ನು ಯಕೃತ್ತೇ ಒದಗಿಸುತ್ತದೆ ಎಂಬ ಸತ್ಯವನ್ನು ಕಂಡುಹಿಡಿದವನು ಪ್ಯಾರಿಸಿನ ಕ್ಲೋದ್ ಬೆರ್ನಾರ್. ೧೮೪೮ರಲ್ಲಿ ಯಕೃತ್ತಿನ ಸಕ್ಕರೆಯನ್ನೂ, ೧೮೫೭ರಲ್ಲಿ ಅದು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟ ಬಗೆಯನ್ನೂ ಅವನು ತೋರಿಸಿದನು. ನಡುವೆ ೧೮೪೯ರಲ್ಲಿ ಅವನು ಮೊಲದ ಮೆದುಳಿನ ಬುಡದಲ್ಲಿ ಒಂದು ಸೂಜಿಯಿಂದ ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ತಿನ್ನುವುದರಿಂದಲ್ಲದೆ ನಾಡಿಗಳ ಕ್ಷೋಭೆಯಿಂದಲೂ ರಕ್ತಶರ್ಕರೆಯು ಏರುತ್ತದೆಂಬುದಕ್ಕೆ ಇದು ಪ್ರಥಮ ಪ್ರಮಾಣ.

ಈ ಬೆರ್ನಾರನ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಪ್ರಕೃತ ಕಥೆಯ ಇನ್ನೊಂದು ಎಳೆಯೂ ಅವನ ಕೈಯಿಂದಲೇ ಹೊರಟದ್ದು. ದಕ್ಷಿಣ ಅಮೆರಿಕಾದ ಕಾಡುಜನರು ಬಾಣದ ತುದಿಗೆ ಹಚ್ಚುವ ಕ್ಯುರಾರೆ ಎಂಬ ವಿಷವನ್ನು ಅವನು ಬಹುಕಾಲ ಪರೀಕ್ಷಿಸಿ, ಅದು ನಾಡಿಗೂ ಮಾಂಸಖಂಡಕ್ಕೂ ಇರುವ ಸಂಬಂಧವನ್ನು ಮಾತ್ರ ಕಡಿಯುತ್ತದೆ, ಸಂವೇದನೆಯನ್ನು ಮುಟ್ಟುವುದಿಲ್ಲ ಎಂದು ಸಿದ್ಧಾಂತಮಾಡಿದನು. ೧೮೬೪ರಲ್ಲಿ ಸಾಮಾನ್ಯ ವಾಚಕರಿಗಾಗಿ ಬರೆದ ಒಂದು ಲೇಖನದಲ್ಲಿ, ಈ ವಿಷದಿಂದ ಸಾಯುವವನು ಹೊರನೋಟಕ್ಕೆ ಶಾಂತವಾಗಿ ನಿದ್ರಿಸುವಂತೆ ಕಂಡರೂ ಒಳಗೆ ಅರಿವೂ ನೋವೂ ಇಚ್ಛೆಯೂ ಉಳಿದಿರುತ್ತವೆಂದು ವಿವರಿಸಿದನು. ಸಕ್ಕರೆ ಮತ್ತು ಕ್ಯುರಾರೆ, ಒಬ್ಬನೇ ಪುರುಷನ ಎರಡು ಸಂಶೋಧನೆಗಳು. ಇವೆರಡೂ ಮುಂದೆ ಶತಮಾನಕ್ಕೂ ಹೆಚ್ಚು ಕಾಲ ಬೇರೆಬೇರೆ ದಾರಿಗಳಲ್ಲಿ ನಡೆದು ಕೊನೆಗೆ ಒಂದು ಕೂಸಿನ ಮಂಚದ ಬಳಿ ಸಂಧಿಸಿದವು.

ಮೊದಲು ಸಕ್ಕರೆಯ ದಾರಿ. ಹಿಂದೆ ರಕ್ತಶರ್ಕರೆಯನ್ನು ಅಳೆಯಲು ಬಹಳ ರಕ್ತ ಬೇಕಾಗುತ್ತಿತ್ತು. ಕೂಸುಗಳ ವಿಷಯದಲ್ಲಿ ಅದು ಅಸಾಧ್ಯ. ಒಂದು ಕಿಲೋಗ್ರಾಂ ತೂಗುವ ಅಕಾಲಜಾತ ಶಿಶುವಿನ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಸುಮಾರು ೯೦ ಮಿಲಿಲೀಟರು ಮಾತ್ರ. ಒಂದು ಸಣ್ಣ ಲೋಟಕ್ಕೂ ಸಾಲದು. ಸ್ವೀಡನಿನ ಈವಾರ್ ಬಾಂಗನು ೧೯೧೩ರಲ್ಲಿ ಕೆಲವೇ ತೊಟ್ಟುಗಳಲ್ಲಿ ಪರೀಕ್ಷೆ ಮಾಡುವ ಸೂಕ್ಷ್ಮವಿಧಾನವನ್ನು ಕಂಡುಹಿಡಿದ ಮೇಲೆ ಶಿಶುಗಳ ರಕ್ತವನ್ನು ನೋಡುವುದು ಶಕ್ಯವಾಯಿತು. ಇದಕ್ಕೆ ಸ್ವಲ್ಪ ಮುಂಚೆ, ೧೯೧೧ರಲ್ಲಿ, ಅಮೆರಿಕಾದ ವಾಲ್ಟರ್ ಕ್ಯಾನನನು ಹೆದರಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಬರುವುದನ್ನು ತೋರಿಸಿದ್ದನು. ಗಾಯವಾಗಲಿ ನೋವಾಗಲಿ ಇಲ್ಲದೆ ಭಯವೊಂದರಿಂದಲೇ ಹೀಗಾಗುತ್ತಿತ್ತು. ಅಡ್ರಿನಲಿನ್ ಎಂಬ ಗ್ರಂಥಿರಸವು ಯಕೃತ್ತಿನ ಕೋಠಿಯ ಬಾಗಿಲನ್ನು ತೆರೆಯುವುದೇ ಇದಕ್ಕೆ ಕಾರಣ. ಓಡುವುದಕ್ಕೋ ಹೋರಾಡುವುದಕ್ಕೋ ಮೈಯು ಇಂಧನವನ್ನು ಹೊರತೆಗೆಯುತ್ತದೆ.

ಇನ್ಸುಲಿನ್ ಔಷಧವು ೧೯೨೨ರಲ್ಲಿ ಬಳಕೆಗೆ ಬಂದ ತರುವಾಯ ಸಕ್ಕರೆಯು ತೀರ ಇಳಿದರೂ ಅಪಾಯವೆಂಬುದು ಸ್ಪಷ್ಟವಾಯಿತು. ಸೇಂಟ್ ಲೂಯಿಸಿನ ಹಾರ್ಟ್‌ಮನ್ ಮತ್ತು ಜೌಡನ್ ಎಂಬವರು ೧೯೩೭ರಲ್ಲಿ ಶಿಶುಗಳಲ್ಲಿಯೂ ಬಾಲಕರಲ್ಲಿಯೂ ಕಂಡ ಶರ್ಕರಾಹ್ರಾಸವನ್ನು ದೊಡ್ಡ ಪ್ರಬಂಧವಾಗಿ ಬರೆದರು. ಷಿಕಾಗೋ ನಗರದ ಕಾರ್ನ್‌ಬ್ಲಾತನು ೧೯೫೯ರಲ್ಲಿ, ಗರ್ಭವಿಷದಿಂದ ಪೀಡಿತರಾದ ತಾಯಂದಿರ ಕೂಸುಗಳಲ್ಲಿ ನಡುಕ, ಸೆಳೆತ, ಉಸಿರು ನಿಲ್ಲುವುದು ಮುಂತಾದವು ಸಕ್ಕರೆಯ ಕೊರತೆಯಿಂದಲೇ ಬರುವುವೆಂದು ತೋರಿಸಿದ ಮೇಲೆ ನವಜಾತರ ರಕ್ತಶರ್ಕರೆಯನ್ನು ನೋಡುವ ಪದ್ಧತಿ ಬಲವಾಯಿತು. ಆಕ್ಸ್‌ಫರ್ಡಿನ ಹೆದರ್ ಶೆಲ್ಲಿಯವರು ೧೯೬೧ರಲ್ಲಿ ಪ್ರಾಣಿಗಳ ಭ್ರೂಣಗಳನ್ನು ತುಲನೆಮಾಡಿ, ಯಕೃತ್ತಿನ ಗ್ಲೈಕೋಜನ್ ಸಂಗ್ರಹವು ಗರ್ಭವಾಸದ ಕಡೆಯ ಭಾಗದಲ್ಲಿ ತುಂಬಿಕೊಳ್ಳುತ್ತದೆಂದು ವಿವರಿಸಿದರು. ಆದುದರಿಂದ ದಿನತುಂಬದೆ ಹುಟ್ಟುವ ಕೂಸು ಕಣಜ ತುಂಬುವ ಮೊದಲೇ ಮನೆ ಬಿಟ್ಟ ಒಕ್ಕಲಿಗನ ಹಾಗೆ. ಅದರ ಮೆದುಳೋ ಮೈಯ ಪ್ರಮಾಣಕ್ಕೆ ದೊಡ್ಡದು. ಒಂದು ಕಿಲೋಗ್ರಾಂ ತೂಕಕ್ಕೆ ನಿಮಿಷವೊಂದಕ್ಕೆ ೪ರಿಂದ ೬ ಮಿಲಿಗ್ರಾಂ ಗ್ಲೂಕೋಸ್ ಬೇಕು. ವಯಸ್ಕನಿಗೆ ೨ ಸಾಕು.

ಇಂತಹ ಕೂಸನ್ನು ಶಸ್ತ್ರಕರ್ಮಕ್ಕೆ ಒಯ್ಯುವಾಗ ಎರಡು ಕಡೆಯಿಂದಲೂ ಭಯವಿರುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ರಕ್ತನಾಳಕ್ಕೆ ಹನಿಯುತ್ತಿದ್ದ ಗ್ಲೂಕೋಸ್ ನೀರು ನಿಂತುಹೋದರೆ ಸಕ್ಕರೆ ಬೇಗನೆ ಇಳಿಯುತ್ತದೆ. ಸ್ನಾಯುಗಳನ್ನು ಸ್ತಂಭನಗೊಳಿಸಿದ ಕೂಸಿನಲ್ಲಿ ನಡುಕವಿಲ್ಲ, ಸೆಳೆತವಿಲ್ಲ, ಅಳುವಿಲ್ಲ. ಉಸಿರನ್ನು ಯಂತ್ರವೇ ಆಡಿಸುತ್ತಿರುವುದರಿಂದ ಉಸಿರು ನಿಂತದ್ದೂ ತಿಳಿಯದು. ರಕ್ತವನ್ನು ನೋಡಿದ ಹೊರತು ಗತ್ಯಂತರವಿಲ್ಲ. ಇನ್ನೊಂದು ಕಡೆ, ಶಸ್ತ್ರದ ಆಘಾತದಿಂದಲೂ, ಸಂಗ್ರಹಿಸಿಟ್ಟ ರಕ್ತವನ್ನು ಕೊಟ್ಟಾಗ ಅದರೊಡನೆ ಬರುವ ಡೆಕ್ಸ್‌ಟ್ರೋಸಿನಿಂದಲೂ ಸಕ್ಕರೆಯು ಅತಿಯಾಗಿ ಏರಬಹುದು. ಆಗ ಮೈಯ ನೀರು ಮೂತ್ರವಾಗಿ ಹರಿದುಹೋಗುತ್ತದೆ. ಮುತ್ತಜ್ಜಿಯ ಪ್ರಶ್ನೆಗೆ ಉತ್ತರವಿಷ್ಟೇ: ಅದು ಸಕ್ಕರೆ ಕಾಯಿಲೆಯಲ್ಲ, ಕ್ಷೋಭೆಗೊಂಡ ಮೈಯ ಕೂಗು.

ಈಗ ಕ್ಯುರಾರೆಯ ದಾರಿ. ೧೯೪೨ರಲ್ಲಿ ಮಾಂಟ್ರಿಯಾಲಿನ ಗ್ರಿಫಿತ್ ಮತ್ತು ಜಾನ್ಸನ್ ಇದನ್ನು ಅರಿವಳಿಕೆಗೆ ಸಹಾಯಕವಾಗಿ ಬಳಸಿದರು. ಬೆರ್ನಾರನ ಮಾತು ಇಷ್ಟರಲ್ಲಿ ಮರೆತುಹೋಗಿತ್ತೇನೋ! ಕ್ಯುರಾರೆಯೇ ಅರಿವನ್ನೂ ಕಳೆಯುತ್ತದೆಂದು ನಂಬಿದ ವೈದ್ಯರೂ ಇದ್ದರು. ಈ ಸಂಶಯವನ್ನು ಕಳೆಯುವುದಕ್ಕಾಗಿ ಅಮೆರಿಕಾದ ಸ್ಕಾಟ್ ಸ್ಮಿತ್ ಎಂಬ ವೈದ್ಯನು ತನ್ನ ಮೈಮೇಲೆಯೇ ಪೂರ್ಣಪ್ರಮಾಣದ ವಿಷಪ್ರಯೋಗವನ್ನು ಮಾಡಿಸಿಕೊಂಡು, ಕಣ್ಣೆವೆಯನ್ನೂ ಆಡಿಸಲಾರದ ಸ್ಥಿತಿಯಲ್ಲಿಯೂ ನಡೆದುದೆಲ್ಲವೂ ತನಗೆ ತಿಳಿಯುತ್ತಿತ್ತು, ನೋವೂ ತಿಳಿಯುತ್ತಿತ್ತು ಎಂದು ೧೯೪೭ರಲ್ಲಿ ವರದಿಮಾಡಿದನು. ಆತನು ವಯಸ್ಕನಾಗಿದ್ದುದರಿಂದ ಎಚ್ಚತ್ತ ಮೇಲೆ ಹೇಳಲು ಶಕ್ತನಾದನು. ಶಬ್ದಪ್ರಮಾಣವು ದೊರೆಯಿತು. ಕೂಸಿಗೆ ಆ ಪ್ರಮಾಣವಿಲ್ಲ.

ಲಿವರ್‌ಪೂಲಿನ ಜಾಕ್ಸನ್ ರೀಸರು ೧೯೫೦ರಲ್ಲಿ ನವಜಾತರ ಅರಿವಳಿಕೆಯನ್ನು ಕುರಿತು ಪ್ರಕಟಿಸಿದ ಲೇಖನವು ಆ ಕಾಲಕ್ಕೆ ಮಹತ್ತಾದ ಉಪಕಾರಮಾಡಿತು. ಉಸಿರಾಟವನ್ನು ಕೈವಶಮಾಡಿಕೊಂಡು, ಕ್ಯುರಾರೆಯನ್ನೂ ನೈಟ್ರಸ್ ಆಕ್ಸೈಡ್ ಎಂಬ ಹಗುರವಾದ ವಾಯುವನ್ನೂ ಕೊಟ್ಟು ಶಸ್ತ್ರಕರ್ಮವನ್ನು ನಡೆಸುವ ಈ ಲಿವರ್‌ಪೂಲ್ ಪದ್ಧತಿಯಿಂದ ಎಷ್ಟೋ ಕೂಸುಗಳು ಬದುಕಿಕೊಂಡವು. ಬಲವಾದ ನೋವುನಾಶಕಗಳನ್ನು ಕೊಟ್ಟರೆ ಎಳೆಯ ಹೃದಯವೂ ಉಸಿರೂ ಕುಸಿದಾವೆಂಬ ಭಯವು ಅಂದಿನವರಿಗೆ ನಿಜವಾದ ಭಯವೇ ಆಗಿತ್ತು. ಇದನ್ನು ಕ್ರೌರ್ಯವೆಂದು ಈಗ ಬೈಯುವುದು ಸುಲಭ. ಆದರೆ ಆ ಭಯದೊಡನೆ ಒಂದು ಸಿದ್ಧಾಂತವೂ ಸೇರಿಕೊಂಡಿತು. ೧೯೪೧ರಲ್ಲಿ ಮರ್ಟಲ್ ಮೆಕ್‌ಗ್ರಾ ಎಂಬ ವಿದುಷಿಯು ಕೂಸುಗಳಿಗೆ ಸೂಜಿ ಚುಚ್ಚಿ ನೋಡಿ, ಮೊದಲ ದಿನಗಳಲ್ಲಿ ಅವುಗಳ ಪ್ರತಿಕ್ರಿಯೆ ಮಂದವೆಂದು ಬರೆದಿದ್ದಳು. ನಾಡಿಗಳ ಹೊದಿಕೆ ಇನ್ನೂ ಬೆಳೆದಿಲ್ಲ, ಮೆದುಳಿನ ಮೇಲ್ಪದರವು ಪಕ್ವವಾಗಿಲ್ಲ, ಆದುದರಿಂದ ನವಜಾತರಿಗೆ, ಅದರಲ್ಲಿಯೂ ಅಕಾಲಜಾತರಿಗೆ, ನೋವಿನ ಅರಿವಿಲ್ಲ ಎಂಬ ಮತವು ಪಾಠಪುಸ್ತಕಗಳ ಮೂಲಕ ರೂಢವಾಯಿತು. ಭಯದಿಂದ ಬಿಟ್ಟದ್ದನ್ನು ಬೇಡವೆಂದು ಸಾಧಿಸುವ ವಾದವು ಹೀಗೆ ಹುಟ್ಟುತ್ತದೆ. ಶಾಸ್ತ್ರಚರಿತ್ರೆಯಲ್ಲಿ ಇದು ಅಪೂರ್ವವಲ್ಲ.

ಅಕಾಲಜಾತರಿಗೆ ಹೆಚ್ಚಾಗಿ ಆಗುತ್ತಿದ್ದ ಶಸ್ತ್ರಕರ್ಮವು ಹೃದಯದ ಬಳಿಯ ಒಂದು ನಾಳವನ್ನು ಕಟ್ಟುವುದು. ಗರ್ಭದಲ್ಲಿರುವಾಗ ಶ್ವಾಸಕೋಶಕ್ಕೆ ಕೆಲಸವಿಲ್ಲವಾದುದರಿಂದ ರಕ್ತವು ಅದನ್ನು ಬಳಸಿ ಹೋಗಲು ಈ ನಾಳವಿದೆ. ಹುಟ್ಟಿದ ಮೇಲೆ ತಾನೇ ಮುಚ್ಚಿಕೊಳ್ಳಬೇಕು. ದಿನತುಂಬದವರಲ್ಲಿ ಮುಚ್ಚದೆ ಉಳಿದು ಹೃದಯಕ್ಕೆ ಭಾರವಾಗುತ್ತದೆ. ಬಾಸ್ಟನ್ನಿನ ರಾಬರ್ಟ್ ಗ್ರಾಸನು ೧೯೩೮ರಲ್ಲಿ ಏಳು ವರ್ಷದ ಹುಡುಗಿಯೊಬ್ಬಳಲ್ಲಿ ಇದನ್ನು ಮೊದಲು ಯಶಸ್ವಿಯಾಗಿ ಕಟ್ಟಿದನು. ೧೯೬೩ರ ಹೊತ್ತಿಗೆ ೧,೪೧೭ ಗ್ರಾಂ ತೂಕದ ಕೂಸಿನಲ್ಲಿಯೂ ಅದು ನಡೆದ ವರದಿ ಬಂದಿತು. ಪಕ್ಕೆಲುಬುಗಳ ನಡುವೆ ಎದೆಯನ್ನು ತೆರೆದು ಮಾಡತಕ್ಕ ಕೆಲಸವಿದು.

ಭಾರತದ ಇಂದೂರಿನಲ್ಲಿ ವೈದ್ಯವಿದ್ಯೆಯನ್ನು ಮುಗಿಸಿ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋದ ಕನ್ವಲ್ಜೀತ್ ಸಿಂಗ್ ಆನಂದರು ೧೯೮೦ರ ದಶಕದ ಆರಂಭದಲ್ಲಿ ಅಲ್ಲಿಯ ಶಿಶುಗೃಹದಲ್ಲಿ ಕೆಲಸಮಾಡುತ್ತಿದ್ದರು. ಶಸ್ತ್ರಕರ್ಮಕ್ಕೆ ಹೋದ ಕೂಸುಗಳು ಬೂದುಬಣ್ಣಕ್ಕೆ ತಿರುಗಿ, ನಾಡಿ ಕ್ಷೀಣಿಸಿ, ಹೋದಾಗಿಗಿಂತ ಬಹಳ ಕೆಟ್ಟ ಸ್ಥಿತಿಯಲ್ಲಿ ಹಿಂದಿರುಗುವುದನ್ನು ಅವರು ಕಂಡರು. ಕಾರಣವನ್ನು ತಿಳಿಯಲು ಒಂದು ಕೂಸಿನೊಡನೆ ತಾವೂ ಶಸ್ತ್ರಾಗಾರಕ್ಕೆ ಹೋದಾಗ, ಸ್ತಂಭನಕ್ಕೆ ಔಷಧವಿತ್ತು, ನೋವಿಗೆ ತಕ್ಕ ಔಷಧವಿರಲಿಲ್ಲವೆಂಬುದು ಗೊತ್ತಾಯಿತು. ಅಲ್ಲಿಯವರು ಮಾಡುತ್ತಿದ್ದುದು ಎಲ್ಲೆಲ್ಲಿಯೂ ಇದ್ದ ರೂಢಿಯೇ. ಅಂದಿನವರೆಗೆ ಪ್ರಕಟವಾದ ವರದಿಗಳನ್ನು ಆನಂದರು ಒಟ್ಟುಗೂಡಿಸಿ ನೋಡಿದಾಗ ಈ ನಾಳವನ್ನು ಕಟ್ಟಿಸಿಕೊಂಡ ಕೂಸುಗಳಲ್ಲಿ ಮುಕ್ಕಾಲುಪಾಲಿನಷ್ಟಕ್ಕೆ ಇದೇ ರೀತಿ ನಡೆದಿತ್ತು.

ಅವರು ಗುರುವಾದ ಆಲ್ಬರ್ಟ್ ಐನ್ಸ್‌ಲಿ-ಗ್ರೀನ್ ಅವರೊಡನೆ ರಕ್ತವನ್ನು ಪ್ರಶ್ನಿಸಲು ತೊಡಗಿದರು. ಶಸ್ತ್ರಕರ್ಮಕ್ಕೆ ಮೊದಲು, ಮುಗಿದಾಗ, ಆಮೇಲೆ ಗಂಟೆಗಂಟೆಗಳ ಅಂತರದಲ್ಲಿ ಅತ್ಯಲ್ಪ ರಕ್ತವನ್ನು ತೆಗೆದು ಸಕ್ಕರೆ, ಲ್ಯಾಕ್ಟೇಟ್, ಗ್ರಂಥಿರಸಗಳು ಇವುಗಳನ್ನು ಅಳೆದರು. ಇಷ್ಟು ಎಳೆಯ ಜೀವವು ಆಘಾತಕ್ಕೆ ಪ್ರತಿಯಾಗಿ ಗ್ರಂಥಿರಸಗಳನ್ನು ಹೊರಡಿಸಬಲ್ಲುದೇ ಎಂಬುದೇ ಆಗ ಪ್ರಶ್ನೆಯಾಗಿತ್ತು. ೧೯೮೫ರಲ್ಲಿ ಉತ್ತರ ಪ್ರಕಟವಾಯಿತು: ಬಲ್ಲುದು. ಅಡ್ರಿನಲಿನ್ ಏರುತ್ತಿತ್ತು, ಅದರ ಬೆನ್ನಿಗೆ ರಕ್ತಶರ್ಕರೆಯೂ ಏರುತ್ತಿತ್ತು.

ಮುಂದಿನ ಹೆಜ್ಜೆಯೇ ನಿರ್ಣಾಯಕವಾದುದು. ನಾಳವನ್ನು ಕಟ್ಟಬೇಕಾಗಿದ್ದ ಹದಿನಾರು ಅಕಾಲಜಾತ ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಎಂಟಕ್ಕೆ ರೂಢಿಯಂತೆ ನೈಟ್ರಸ್ ಆಕ್ಸೈಡನ್ನೂ ಕ್ಯುರಾರೆಯನ್ನೂ ಕೊಟ್ಟರು. ಉಳಿದ ಎಂಟಕ್ಕೆ ಇವೆರಡರೊಡನೆ ತೂಕದ ಕಿಲೋಗ್ರಾಂ ಒಂದಕ್ಕೆ ೧೦ ಮೈಕ್ರೋಗ್ರಾಂ ಫೆಂಟನಿಲ್ ಎಂಬ ಬಲವಾದ ನೋವುನಾಶಕವನ್ನೂ ಕೊಟ್ಟರು. ಈ ಔಷಧವನ್ನು ಅಕಾಲಜಾತರು ತಾಳಿಕೊಳ್ಳಬಲ್ಲರೆಂಬುದನ್ನು ಅಮೆರಿಕಾದ ರಾಬಿನ್ಸನ್ ಮತ್ತು ಗ್ರೆಗರಿ ೧೯೮೧ರಲ್ಲಿಯೇ ತೋರಿಸಿದ್ದರು. ಫಲಿತಾಂಶವು ೧೯೮೭ರ ಜನವರಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತು. ಫೆಂಟನಿಲ್ ಇಲ್ಲದ ಪಂಗಡದಲ್ಲಿ ಅಡ್ರಿನಲಿನ್, ಗ್ಲುಕಗಾನ್ ಮುಂತಾದ ರಸಗಳೂ, ರಕ್ತದ ಸಕ್ಕರೆ, ಲ್ಯಾಕ್ಟೇಟ್, ಪೈರುವೇಟ್ ಇವೂ ಬಹಳ ಹೆಚ್ಚಾಗಿ ವ್ಯತ್ಯಾಸಗೊಂಡವು. ಎರಡನೆಯ ಮೂರನೆಯ ದಿನಗಳಲ್ಲಿ ಮಾಂಸವು ಕರಗುತ್ತಿರುವ ಗುರುತು ಮೂತ್ರದಲ್ಲಿ ಹೆಚ್ಚಾಗಿ ಕಂಡಿತು. ರಕ್ತಸಂಚಾರದ ತೊಡಕುಗಳೂ ಆ ಪಂಗಡದಲ್ಲಿಯೇ ಹೆಚ್ಚು. ಬೆರ್ನಾರನ ಎರಡು ಎಳೆಗಳು ಸಂಧಿಸಿದವೆಂದು ಮೇಲೆ ಹೇಳಿದ್ದು ಇಲ್ಲಿ. ಕ್ಯುರಾರೆಯು ಮುಚ್ಚಿದ್ದನ್ನು ಸಕ್ಕರೆಯು ತೆರೆಯಿತು.

ಇಲ್ಲಿ ತಾರ್ಕಿಕನು ಸುಮ್ಮನಿರಲಾರನು. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ರಕ್ತಶರ್ಕರೆಯ ಏರಿಕೆಯಿಂದ ನೋವನ್ನು ಊಹಿಸಬಹುದೇ? ಕೇವಲ ಏರಿಕೆಯನ್ನು ಹೇತುವಾಗಿ ಹಿಡಿದರೆ ಅದು ಅನೈಕಾಂತಿಕ. ಗ್ಲೂಕೋಸ್ ನೀರನ್ನು ಹೆಚ್ಚು ಹನಿಸಿದರೂ ಸಕ್ಕರೆ ಏರುತ್ತದೆ, ರಕ್ತದೂಷಣೆಯಿಂದಲೂ ಏರುತ್ತದೆ, ಕ್ಯಾನನನ ಬೆಕ್ಕಿನಲ್ಲಿ ಭಯದಿಂದಲೇ ಏರಿತು. ಇಲ್ಲೆಲ್ಲ ಗಾಯದ ನೋವಿಲ್ಲ. ಆದುದರಿಂದ ಒಂದು ಕೂಸಿನ ಸಕ್ಕರೆಯನ್ನು ನೋಡಿ 'ಇದಕ್ಕೆ ನೋವಾಗುತ್ತಿದೆ' ಎಂದು ಹೇಳಿದರೆ ಹೇತ್ವಾಭಾಸವಾದೀತು. ಆಕ್ಸ್‌ಫರ್ಡಿನವರು ಈ ದೋಷವನ್ನು ಬಲ್ಲವರಂತೆ ನಡೆದುಕೊಂಡರು. ಎರಡು ಪಂಗಡಗಳಿಗೂ ಒಂದೇ ಶಸ್ತ್ರ, ಒಂದೇ ವಾಯು, ಒಂದೇ ಸ್ತಂಭನ, ಭೇದವಿದ್ದುದು ನೋವುನಾಶಕವೊಂದರಲ್ಲಿ. ಅದಿದ್ದಲ್ಲಿ ಕ್ಷೋಭೆ ತಗ್ಗಿತು, ಇಲ್ಲದಲ್ಲಿ ಏರಿತು. ನಾವು ಅನ್ವಯವ್ಯತಿರೇಕವೆಂದು ಹೇಳುವುದು ಇದನ್ನೇ. ಸಕ್ಕರೆಯೂ ಒಂಟಿಯಾಗಿ ಸಾಕ್ಷಿ ಹೇಳಲಿಲ್ಲ. ಹತ್ತಾರು ರಸಗಳು ಒಟ್ಟಿಗೆ ಒಂದೇ ಮಾತನ್ನು ಹೇಳಿದವು.

ಪೂರ್ವಪಕ್ಷಿಯು ಮತ್ತೂ ಆಕ್ಷೇಪಿಸಬಹುದು, ಆಕ್ಷೇಪಿಸಿದವರೂ ಉಂಟು: ಫೆಂಟನಿಲ್ ಗ್ರಂಥಿರಸಗಳನ್ನು ತಡೆಯಿತು ಎಂಬುದಷ್ಟೇ ಸಿದ್ಧ, ಆ ಕೂಸಿಗೆ ದುಃಖಾನುಭವವಿತ್ತೆಂಬುದು ಹೇಗೆ ಸಿದ್ಧ? ನಾಡಿಗಳ ಪ್ರತಿಕ್ರಿಯೆ ಬೇರೆ, ನೋವಿನ ಅರಿವು ಬೇರೆ. ಈ ಆಕ್ಷೇಪವು ದುರ್ಬಲವಲ್ಲ. ಆನಂದರ ಪ್ರಬಂಧವೂ ಪ್ರತಿಕ್ರಿಯೆಯನ್ನೂ ಅದನ್ನು ತಡೆದುದರ ಫಲವನ್ನೂ ಮಾತ್ರ ಪ್ರತಿಪಾದಿಸುತ್ತದೆ. ನನಗೆ ತೋರುವುದು ಇಷ್ಟು. ಆತ್ಮಗುಣವಾದ ದುಃಖವು ಪರರಿಗೆ ಎಂದಿಗೂ ಪ್ರತ್ಯಕ್ಷವಲ್ಲ. ನೆರೆಮನೆಯವನ ತಲೆನೋವನ್ನೂ ನಾವು ಲಿಂಗದಿಂದಲೇ ಊಹಿಸುವುದು. ವಯಸ್ಕನಲ್ಲಿ ಇದೇ ಲಿಂಗಗಳನ್ನು ಕಂಡು ನೋವನ್ನು ಒಪ್ಪುವವನು ಶಿಶುವಿನಲ್ಲಿ ಒಪ್ಪದಿರುವುದಕ್ಕೆ ವಿಶೇಷವಾದ ಬಾಧಕವನ್ನು ತೋರಿಸಬೇಕು. ಆ ಹೊಣೆ ಪೂರ್ವಪಕ್ಷಿಯದು. ನಾಡಿಗಳ ಹೊದಿಕೆ ಬೆಳೆದಿಲ್ಲವೆಂಬುದು ಬಾಧಕವಾಗಲಾರದು. ವಯಸ್ಕರಲ್ಲಿಯೂ ನೋವನ್ನು ಒಯ್ಯುವ ನಾಡಿಗಳಲ್ಲಿ ಬಹಳಷ್ಟಕ್ಕೆ ಆ ಹೊದಿಕೆಯೇ ಇಲ್ಲವೆಂಬುದನ್ನು ಆನಂದರೂ ಹಿಕ್ಕಿಯವರೂ ಅದೇ ೧೯೮೭ರ ನವೆಂಬರಿನಲ್ಲಿ ಪ್ರಕಟ ಮಾಡಿದ ದೀರ್ಘವಾದ ವಿಮರ್ಶೆಯಲ್ಲಿ ತೋರಿಸಿಕೊಟ್ಟಿದ್ದಾರೆ.

ಪ್ರಬಂಧದಿಂದ ಮಾತ್ರವೇ ರೂಢಿಯು ಬದಲಾಯಿತೆಂದು ಹೇಳಿದರೆ ಅನ್ಯಾಯವಾದೀತು. ೧೯೮೫ರಲ್ಲಿ ತನ್ನ ಅಕಾಲಜಾತ ಮಗನಿಗೆ ಇಂಥದೇ ಶಸ್ತ್ರಕರ್ಮವು ಸ್ತಂಭನೌಷಧವೊಂದರಿಂದಲೇ ನಡೆಯಿತೆಂಬುದನ್ನು ಮಗು ತೀರಿಕೊಂಡ ಮೇಲೆ ತಿಳಿದ ಅಮೆರಿಕಾದ ಒಬ್ಬ ತಾಯಿಯು ವೈದ್ಯರಿಗೂ ಪತ್ರಿಕೆಗಳಿಗೂ ಪತ್ರದ ಮೇಲೆ ಪತ್ರ ಬರೆದಳು. ೧೯೮೬ರಲ್ಲಿ ಅದು ಲೋಕವಿದಿತವಾಯಿತು. ಅಮೆರಿಕಾದ ಶಿಶುವೈದ್ಯರ ಅಕಾಡೆಮಿಯು ೧೯೮೭ರ ಸೆಪ್ಟೆಂಬರಿನಲ್ಲಿ, ನವಜಾತರೆಂಬ ಕಾರಣದಿಂದ ಅರಿವಳಿಕೆಯನ್ನು ತಡೆಹಿಡಿಯಕೂಡದೆಂದು ನಿರ್ಣಯವನ್ನು ಹೊರಡಿಸಿತು. ಆನಂದರೂ ಹಿಕ್ಕಿಯವರೂ ಬಾಸ್ಟನ್ನಿನಲ್ಲಿ ಹೃದಯದ ಶಸ್ತ್ರಕರ್ಮವಾಗಬೇಕಿದ್ದ ೪೫ ನವಜಾತರಲ್ಲಿ ಪುನಃ ಪರೀಕ್ಷೆ ನಡೆಸಿ ೧೯೯೨ರಲ್ಲಿ ಪ್ರಕಟಿಸಿದರು. ಗಾಢವಾದ ಅರಿವಳಿಕೆ ದೊರೆತ ೩೦ ಕೂಸುಗಳಲ್ಲಿ ಒಂದೂ ಸಾಯಲಿಲ್ಲ. ಹಗುರವಾದ ಅರಿವಳಿಕೆ ದೊರೆತ ೧೫ರಲ್ಲಿ ನಾಲ್ಕು ಸತ್ತವು. ಶಸ್ತ್ರಕರ್ಮದ ನಡುವೆ ರಕ್ತಶರ್ಕರೆಯು ಹೆಚ್ಚಾಗಿ ಏರಿದ್ದುದು ಈ ಹದಿನೈದರ ಪಂಗಡದಲ್ಲಿಯೇ. ಸಂಖ್ಯೆ ಸಣ್ಣದಾದರೂ ಉಪೇಕ್ಷಿಸತಕ್ಕದ್ದಲ್ಲ. ಹೀಗೆಂದು ನೋವುನಾಶಕವನ್ನು ಎಲ್ಲ ಕಾಲದಲ್ಲಿಯೂ ಸುರಿಯುವುದು ಹಿತವೆಂದು ಸಿದ್ಧವಾಗುವುದಿಲ್ಲ. ಯಂತ್ರದಿಂದ ಉಸಿರಾಡುವ ೮೯೮ ಅಕಾಲಜಾತರಲ್ಲಿ ಮಾರ್ಫಿನನ್ನು ಸತತವಾಗಿ ಹನಿಸಿ ನೋಡಿದ ೨೦೦೪ರ ಪರೀಕ್ಷೆಯಲ್ಲಿ ನಿರೀಕ್ಷಿಸಿದ ಪ್ರಯೋಜನವು ಕಾಣಲಿಲ್ಲ; ಆ ಪರೀಕ್ಷೆಯನ್ನು ನಡೆಸಿದವರೂ ಆನಂದರೇ, ಫಲಿತಾಂಶವನ್ನು ಮರೆಮಾಚದೆ ಪ್ರಕಟಿಸಿದವರೂ ಅವರೇ.

ಇನ್ನುಳಿದದ್ದು ಅಳತೆಯ ಮಾತು. ೧೯೬೦ರ ದಶಕದಲ್ಲಿ ಬಣ್ಣ ತಿರುಗುವ ಕಾಗದದ ಪಟ್ಟಿಗಳು ಬಂದು ಒಂದು ತೊಟ್ಟಿನಿಂದ ಒಂದು ನಿಮಿಷದಲ್ಲಿ ಸಕ್ಕರೆಯನ್ನು ತಿಳಿಯುವಂತಾಯಿತು. ಆದರೆ ನವಜಾತರ ರಕ್ತದಲ್ಲಿ ಕೆಂಪುಕಣಗಳು ದಟ್ಟವಾಗಿರುವುದರಿಂದ ಆ ಪಟ್ಟಿಯು ಇದ್ದುದಕ್ಕಿಂತ ಕಡಿಮೆ ತೋರಿಸುತ್ತಿತ್ತು. ಎಲ್ಲಿ ನಿಖರತೆ ಅತ್ಯವಶ್ಯವೋ ಆ ತಗ್ಗಿದ ಮಟ್ಟದಲ್ಲಿಯೇ ಅದರ ತಪ್ಪು ಹೆಚ್ಚು. ಎಷ್ಟಕ್ಕೆ ಇಳಿದರೆ ಕಡಿಮೆಯೆನ್ನಬೇಕೆಂಬುದರಲ್ಲಿಯೂ ಒಮ್ಮತವಿರಲಿಲ್ಲ. ೧೯೮೮ರಲ್ಲಿ ಐನ್ಸ್‌ಲಿ-ಗ್ರೀನರೂ ಅವರ ಸಂಗಡಿಗರೂ ಪಾಠಪುಸ್ತಕಗಳನ್ನೂ ವೈದ್ಯರನ್ನೂ ವಿಚಾರಿಸಿ ನೋಡಿದಾಗ ಒಬ್ಬೊಬ್ಬರು ಒಂದೊಂದು ಗಡಿಯನ್ನು ಹೇಳಿದರು. ಅವರೇ ಕೂಸುಗಳ ನಾಡಿಗಳ ವಿದ್ಯುತ್ಪ್ರತಿಕ್ರಿಯೆಯನ್ನು ಅಳೆದು, ಲೀಟರಿಗೆ ೨.೬ ಮಿಲಿಮೋಲ್, ಎಂದರೆ ೧೦೦ ಮಿಲಿಲೀಟರಿಗೆ ಸುಮಾರು ೪೭ ಮಿಲಿಗ್ರಾಂ, ಇದಕ್ಕಿಂತ ಕೆಳಗಿಳಿದಾಗ ಆ ಪ್ರತಿಕ್ರಿಯೆಯು ಕೆಡುವುದೆಂದು ಬರೆದರು. ಅದೇ ವರ್ಷ ಅಲನ್ ಲೂಕಾಸ್ ಮತ್ತು ಸಂಗಡಿಗರು ೬೬೧ ಅಕಾಲಜಾತರನ್ನು ಅನುಸರಿಸಿ, ಐದು ಅಥವಾ ಹೆಚ್ಚು ದಿನ ಈ ಗಡಿಯ ಕೆಳಗಿದ್ದವರ ಬೆಳವಣಿಗೆ ಹದಿನೆಂಟು ತಿಂಗಳಲ್ಲಿ ಕುಂಠಿತವಾಗಿತ್ತೆಂದು ವರದಿಮಾಡಿದರು. ೨.೬ ಎಂಬ ಅಂಕವು ಅಂದಿನಿಂದ ಲೋಕದ ಶಿಶುಗೃಹಗಳಲ್ಲಿ ಸೂತ್ರದಂತೆ ನಿಂತಿತು.

ಸೂತ್ರಕ್ಕೆ ವಾರ್ತಿಕವೂ ಬಂದಿತು. ಇಂಗ್ಲಂಡಿನ ಉತ್ತರಭಾಗದಲ್ಲಿ ಇಂಥ ಕೂಸುಗಳನ್ನೇ ಹದಿನೈದು ವರ್ಷಗಳವರೆಗೆ ಅನುಸರಿಸಿ ನೋಡಿದ ಟಿನ್ ಮತ್ತು ಸಂಗಡಿಗರು ೨೦೧೨ರಲ್ಲಿ, ಸಮಾನರಾದ ಇತರರಿಗೂ ಅವರಿಗೂ ಬುದ್ಧಿಯಲ್ಲಾಗಲಿ ಅಂಗಬಲದಲ್ಲಾಗಲಿ ಗಣನೀಯ ಭೇದವು ಕಾಣಲಿಲ್ಲವೆಂದು ಪ್ರಕಟಿಸಿದರು. ಚರ್ಮದಡಿಯಲ್ಲಿ ಕೂದಲೆಳೆಯಂತಹ ತಂತಿಯನ್ನಿಟ್ಟು ಎಡೆಬಿಡದೆ ಸಕ್ಕರೆಯನ್ನು ತೋರಿಸುವ ಉಪಕರಣವನ್ನು ಕೇಂಬ್ರಿಡ್ಜಿನ ಬಿಯರ್ಡ್‌ಸಾಲರೂ ಸಂಗಡಿಗರೂ ೧೮೦ ಅತಿಸಣ್ಣ ಶಿಶುಗಳಲ್ಲಿ ಪರೀಕ್ಷಿಸಿ ೨೦೨೧ರಲ್ಲಿ ಫಲವನ್ನು ಹೇಳಿದ್ದಾರೆ. ಉಪಕರಣವನ್ನು ನೋಡಿ ಚಿಕಿತ್ಸೆ ಮಾಡಿದವರಲ್ಲಿ ಸಕ್ಕರೆಯು ೨.೬ರಿಂದ ೧೦ ಮಿಲಿಮೋಲ್ ಒಳಗೆ ಉಳಿದದ್ದು ಕಾಲದ ನೂರಕ್ಕೆ ೯೪ ಪಾಲು. ರೂಢಿಯ ಚಿಕಿತ್ಸೆಯಲ್ಲಿ ೮೪ ಪಾಲು. ಇದು ಶಿಶುಗೃಹದ ಮೊದಲ ವಾರದ ಲೆಕ್ಕ. ಶಸ್ತ್ರಾಗಾರದಲ್ಲಾದರೋ ಮೈ ತಣ್ಣಗಾಗಿ ಚರ್ಮದ ರಕ್ತಸಂಚಾರವು ಕುಗ್ಗಿದಾಗ ಚರ್ಮದಡಿಯ ಅಳತೆಯು ರಕ್ತದ ಅಳತೆಗಿಂತ ಹಿಂದೆಬೀಳುವುದರಿಂದ, ಅರಿವಳಿಕೆಯ ವೈದ್ಯನು ಕೂಸಿನ ನಾಳದಿಂದ ಒಂದು ತೊಟ್ಟನ್ನು ತೆಗೆದು ನೋಡುತ್ತಾನೆ. ನಮ್ಮ ಬಂಧುವಿನ ಕೂಸಿಗೂ ಅಂದು ಹಾಗೆಯೇ ಮಾಡಿ, ಸಕ್ಕರೆ ಏರಿದುದನ್ನು ಕಂಡು, ಗ್ಲೂಕೋಸಿನ ಹನಿಯನ್ನು ತಗ್ಗಿಸುವುದಕ್ಕೆ ಮೊದಲು ನೋವಿನ ಔಷಧವನ್ನು ಹೆಚ್ಚಿಸಿದರೆಂದು ಆಮೇಲೆ ತಿಳಿಯಿತು.